ಹಲ್ಲು ಕೀಳಿಸಿದ ಮೇಲೆ ಮುದ್ದೆ ಯಾವಾಗ?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಸಕ್ಕರೆ ಕಾಯಿಲೆಗೆ ಎರಡು ಹೊತ್ತು ಮಾತ್ರೆ, ಹೃದಯದ ಸಲುವಾಗಿ ರಕ್ತ ತೆಳುವಾಗಿಸುವ ಇಕೋಸ್ಪ್ರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಕೆಳಗಿನ ಎಡಗಡೆಯ ದವಡೆ ಹಲ್ಲನ್ನು ಕೀಳಿಸಿದೆವು. ಅಂದು ರಾತ್ರಿಯೆಲ್ಲ ರಕ್ತ ಬರುತ್ತಿದೆಯೆಂದು ಉಗುಳುತ್ತಲೇ ಇದ್ದರು. ನಾಲ್ಕು ದಿನ ಬಿಸಿ ಕಾಫಿ, ಬ್ರೆಡ್ಡು ಬಿಟ್ಟರೆ ಬೇರೇನೂ ಸೇರಲಿಲ್ಲ. ಒಮ್ಮೆ ಬೆವರಿ, ತಲೆ ಸುತ್ತಿ ಕುಳಿತುಬಿಟ್ಟರು. ಮೂರನೆಯ ದಿನ ಕಿವಿಯವರೆಗೆ ಸಿಡಿಯುವ ನೋವು ಶುರುವಾಗಿ ವಾರವಿಡೀ ಮಾತ್ರೆ ನುಂಗುತ್ತಾ ನರಳಿದರು. ಈಗ ಬಲಗಡೆಯ ಹಲ್ಲನ್ನೂ ಕೀಳಬೇಕೆಂದಿದ್ದಾರೆ. ಅಮ್ಮ ಹೆದರಿದ್ದಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು: ಮೊಟ್ಟೆ, ಬದನೆಕಾಯಿ ನಂಜು, ಒಂದು ತಿಂಗಳು ಮುದ್ದೆ ಮುಟ್ಟಬಾರದು, ತಲೆಗೆ ನೀರು ಹಾಕಬಾರದು. ಅವರಿಗೆ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವೂ ಇದೆ. ಈ ಸಲ ಏನು ಕೊಡಬೇಕು, ಹೇಗೆ ನೋಡಿಕೊಳ್ಳಬೇಕು?
— ಪಾಂಡವಪುರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ತಾಯಿಯವರಿಗೆ ಕಳೆದ ಸಲ ಏನಾಯಿತು ಎಂಬುದು ನಿಮ್ಮ ಪತ್ರದಲ್ಲೇ ಇದೆ. ರಾತ್ರಿಯೆಲ್ಲ ಉಗುಳಿದ್ದು, ಬಿಸಿ ಕಾಫಿ, ಬಹುಶಃ ಎರಡನೆಯ ದಿನಕ್ಕೇ ಬಾಯಿಗೆ ಹೋದ ಹೊಗೆಸೊಪ್ಪು, ಅದರ ಮೇಲೆ ಉಪವಾಸ. ನಂಜಿನ ಮಾತು, ತಲೆಗೆ ನೀರಿನ ಮಾತು ಆಮೇಲೆ ಆಡೋಣ. ಮೊದಲು ಹಲ್ಲು ಕಿತ್ತ ಗುಳಿಯಲ್ಲಿ ನಡೆಯುವುದೇನೆಂದು ತಿಳಿದುಕೊಂಡರೆ, ಏನು ಕೊಡಬೇಕು ಏನು ಕೊಡಬಾರದು ಎಂಬುದು ನಿಮಗೇ ಹೊಳೆಯುತ್ತದೆ.

ಹಲ್ಲು ಹೊರಬಂದ ಕೂಡಲೇ ಆ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕೆಳಗಿರುವ ಮೂಳೆಗೆ, ಅದರೊಳಗಿನ ನರದ ತುದಿಗಳಿಗೆ ಅದೇ ಹೊದಿಕೆ. ಮುಂದೆ ಬೆಳೆಯುವ ಹೊಸ ಮಾಂಸಕ್ಕೂ ಅದೇ ನೆಲ. ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆಯನ್ನು ಗಳಿಗೆಗೊಮ್ಮೆ ಎತ್ತಿ ಅಲುಗಾಡಿಸಿ ನೋಡಿದರೆ ಮೊಸರು ಹೇಗೆ ಕೂರುವುದಿಲ್ಲವೋ ಹಾಗೆಯೇ, ಈ ಗಡ್ಡೆಯನ್ನೂ ಮೊದಲ ದಿನ ಕೆಣಕಿದರೆ ಅದು ನಿಲ್ಲುವುದಿಲ್ಲ. ಕಿತ್ತುಬಂದರೆ ಅಥವಾ ಕರಗಿಹೋದರೆ ಮೂಳೆ ಬೆತ್ತಲಾಗುತ್ತದೆ. ಗಾಳಿ, ನೀರು, ಅನ್ನದ ಅಗುಳು ಎಲ್ಲವೂ ನೇರವಾಗಿ ಅದಕ್ಕೆ ತಗಲುತ್ತವೆ. ಹಲ್ಲು ಕಿತ್ತು ಎರಡು ಮೂರು ದಿನ ಕಳೆದ ಮೇಲೆ, ನೋವು ಇಳಿಯಬೇಕಾದ ಹೊತ್ತಿನಲ್ಲಿ ಏರತೊಡಗಿ ಕಿವಿಗೆ, ಕಪೋಲಕ್ಕೆ ಹರಡಿದರೆ, ಬಾಯಿಂದ ಕೆಟ್ಟ ವಾಸನೆಯೂ ಬಂದರೆ, ಅದನ್ನು ನಾವು ಡ್ರೈ ಸಾಕೆಟ್ ಎನ್ನುತ್ತೇವೆ. ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ಇದು ಹೆಚ್ಚು, ತಂಬಾಕು ಬಳಸುವವರಲ್ಲಿ ಇನ್ನೂ ಹೆಚ್ಚು. ನಿಮ್ಮ ತಾಯಿಯವರದು ಬಹುಮಟ್ಟಿಗೆ ಅದೇ ಇದ್ದೀತು.

ಅದಕ್ಕೆ ವಾರವಿಡೀ ನೋವಿನ ಮಾತ್ರೆ ನುಂಗುವ ಅಗತ್ಯವಿರಲಿಲ್ಲ. ಹಲ್ಲು ಕಿತ್ತ ವೈದ್ಯರ ಬಳಿಗೇ ಮರಳಿ ಹೋಗಿದ್ದರೆ ಅವರು ಗುಳಿಯನ್ನು ತೊಳೆದು ಔಷಧದ ಬತ್ತಿಯೊಂದನ್ನು ಇಡುತ್ತಿದ್ದರು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ನೋವು ತಗ್ಗುತ್ತದೆ. ಡ್ರೈ ಸಾಕೆಟ್ ಸೋಂಕಲ್ಲ, ಆದ್ದರಿಂದ ಮೆಡಿಕಲ್ ಶಾಪಿನಿಂದ ಕೇಳಿ ತಂದ ಆ್ಯಂಟಿಬಯಾಟಿಕ್‌ನಿಂದ ಅದು ಹೋಗುವುದಿಲ್ಲ. ಈ ಸಲ ಮೂರನೆಯ ದಿನ ಹಾಗೇನಾದರೂ ಆದರೆ ಸಹಿಸಿಕೊಂಡು ಕೂರಬೇಡಿ, ಅಂದೇ ಹೋಗಿ. ನಮ್ಮ ಕಡೆಯ ಹೆಂಗಸರು ಹಲ್ಲುನೋವನ್ನು ಹೇಳಿಕೊಳ್ಳುವುದನ್ನೇ ತಪ್ಪೆಂದು ತಿಳಿದಿರುತ್ತಾರೆ. ನಾಟಿ ಮುಗಿಯಲಿ, ಹಬ್ಬ ಮುಗಿಯಲಿ ಎನ್ನುತ್ತಾ ಮುಂದೂಡುತ್ತಾರೆ. ನೀವೇ ಕೇಳಿ ತಿಳಿದುಕೊಳ್ಳಬೇಕು.

ಹಲ್ಲು ಕೀಳಿಸುವ ದಿನದಿಂದ ಶುರು ಮಾಡುತ್ತೇನೆ. ಬೆಳಗಿನ ಹೊತ್ತಿನ ಸಮಯ ಕೇಳಿ ಗೊತ್ತುಮಾಡಿಕೊಳ್ಳಿ. ಅಂದು ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂಬುದು ತಪ್ಪು ತಿಳಿವಳಿಕೆ. ಬರೀ ಒಸಡಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಕೀಳುವುದಾದರೆ ಉಪವಾಸ ಬೇಕಿಲ್ಲ. ಸಕ್ಕರೆ ಕಾಯಿಲೆಯವರಂತೂ ಎಂದಿನಂತೆ ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿಯೇ ಬರಬೇಕು. ಇಕೋಸ್ಪ್ರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರಿಂದ ರಕ್ತ ಸ್ವಲ್ಪ ಹೆಚ್ಚು ಹೊತ್ತು ಜಿನುಗಬಹುದು. ಅದನ್ನು ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಲು ನಮಗೆ ದಾರಿಗಳಿವೆ. ಮಾತ್ರೆ ಬಿಟ್ಟದ್ದರಿಂದ ಹೃದಯದಲ್ಲಿ ಏನಾದರೂ ಆದರೆ ಅದನ್ನು ಹಲ್ಲಿನ ಕುರ್ಚಿಯಲ್ಲಿ ಸರಿಪಡಿಸಲಾಗದು. ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಮೂಳೆ ಸವೆತಕ್ಕೆ ವಾರಕ್ಕೊಂದು ನುಂಗುವ ಮಾತ್ರೆಯೋ ವರ್ಷಕ್ಕೊಂದು ಚುಚ್ಚುಮದ್ದೋ ಇದ್ದರೆ ಅದನ್ನು ಮರೆಯದೆ ಹೇಳಿ. ಅಂಥ ಔಷಧಗಳು ದವಡೆಯ ಮೂಳೆ ಮಾಗುವುದನ್ನೇ ತಡೆಯಬಲ್ಲವು. ಮೂಳೆಯ ಮಾತ್ರೆಗೂ ಹಲ್ಲಿಗೂ ಏನು ಸಂಬಂಧವೆಂದು ಬಿಟ್ಟುಬಿಡುವವರೇ ಹೆಚ್ಚು.

ಹಲ್ಲು ಕಿತ್ತ ಮೇಲೆ ಬಾಯಿಗಿಟ್ಟ ಹತ್ತಿಯನ್ನು ಅಥವಾ ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ನಡುವೆ ತೆಗೆದು ರಕ್ತ ನಿಂತಿತೇ ಎಂದು ನೋಡಕೂಡದು, ಮಾತನಾಡಕೂಡದು. ಮೈಸೂರಿನಲ್ಲಿ ಕೀಳಿಸಿಕೊಂಡು ಪಾಂಡವಪುರದ ಬಸ್ ಹತ್ತುವವರು ಆ ಮುಕ್ಕಾಲು ಗಂಟೆಯನ್ನು ಕ್ಲಿನಿಕ್ಕಿನಲ್ಲೇ ಕಳೆದು ಹೊರಟರೆ ಒಳ್ಳೆಯದು. ಎದ್ದು ಬಂದು ಬಸ್ಸಿನ ಕಿಟಕಿಯಿಂದ ದಾರಿಯುದ್ದಕ್ಕೂ ಉಗುಳುತ್ತಾ ಹೋಗುವವರನ್ನು ನಾನು ಎಷ್ಟೋ ನೋಡಿದ್ದೇನೆ. ಮೊದಲ 24 ಗಂಟೆ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಜೊಲ್ಲನ್ನು ನುಂಗಿಬಿಡಲಿ. ಎರಡು ಹನಿ ರಕ್ತ ಜೊಲ್ಲಿನೊಂದಿಗೆ ಬೆರೆತರೆ ಬಾಯಿ ತುಂಬ ರಕ್ತವೆಂಬಂತೆ ಕಾಣುತ್ತದೆ. ಗಾಬರಿಯಿಂದ ಉಗುಳುತ್ತಾರೆ, ಉಗುಳಿದ ಸೆಳೆತಕ್ಕೆ ಗಡ್ಡೆ ಸಡಿಲವಾಗಿ ಮತ್ತೆ ರಕ್ತ ಬರುತ್ತದೆ, ಮತ್ತೆ ಉಗುಳುತ್ತಾರೆ. ನಿಮ್ಮ ತಾಯಿಯವರ ಆ ರಾತ್ರಿ ಕಳೆದದ್ದು ಹೀಗೆಯೇ. ಮರುದಿನದವರೆಗೆ ಜೊಲ್ಲು ನಸುಗೆಂಪಾಗಿರುವುದು ಸಹಜ.

ನಿಜವಾಗಿಯೂ ರಕ್ತ ತುಂಬಿ ಬರುತ್ತಿದ್ದರೆ ನೇರವಾಗಿ ಕೂರಿಸಿ, ಶುದ್ಧವಾದ ಬಟ್ಟೆಯನ್ನು ಗುಳಿಯ ಮೇಲೆ ಸರಿಯಾಗಿ ಕೂರುವಷ್ಟು ದಪ್ಪಕ್ಕೆ ಮಡಿಸಿ, ಒದ್ದೆ ಮಾಡಿ ಹಿಂಡಿ, ಮತ್ತೆ ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿಸಿ. ಮನೆಯಲ್ಲಿ ಟೀ ಬ್ಯಾಗ್ ಇದ್ದರೆ ನೆನೆಸಿ, ಆರಿಸಿ, ಹಿಂಡಿ ಅದನ್ನೇ ಕಚ್ಚಿಸಬಹುದು. ಚಹಾದ ಒಗರು ರಕ್ತವನ್ನು ಹಿಡಿಯಲು ನೆರವಾಗುತ್ತದೆ. ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತಬೇಡಿ. ಹೀಗೆ ಎರಡು ಬಾರಿ ಕಚ್ಚಿಸಿದ ಮೇಲೂ ನಿಲ್ಲದಿದ್ದರೆ ರಾತ್ರಿಯೆಂದು ನೋಡದೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಬಾಯಿಯಲ್ಲಿ ಹತ್ತಿ ಇಟ್ಟುಕೊಂಡು ಮಾತ್ರ ನಿದ್ದೆ ಮಾಡಲು ಬಿಡಬೇಡಿ, ಉಸಿರಿನ ನಾಳಕ್ಕೆ ಹೋದೀತು. ಎರಡು ದಿಂಬು ಇಟ್ಟು ತಲೆ ಎತ್ತರವಾಗಿರುವಂತೆ ಮಲಗಿಸಿ.

ಊತದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎಲ್ಲವೂ ತಲೆಕೆಳಗು. ಹಲ್ಲು ಕಿತ್ತು ಬಂದ ಸಂಜೆಯೇ ಬಿಸಿ ಶಾಖ ಕೊಡುತ್ತಾರೆ, ಸುಣ್ಣ ಬೆಲ್ಲ ಕಲಸಿ ಕೆನ್ನೆಗೆ ಹಚ್ಚುತ್ತಾರೆ. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತವೂ ಊತವೂ ಹೆಚ್ಚುತ್ತವೆ. ಸುಣ್ಣಕ್ಕೆ ಕೆನ್ನೆ ಬೊಕ್ಕೆ ಏಳುತ್ತದೆ. ಮೊದಲ ದಿನ ಬೇಕಾದದ್ದು ತಂಪು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ 15 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಇಡಿ. ಊತ ಎರಡನೆಯ ಅಥವಾ ಮೂರನೆಯ ದಿನ ಅತಿ ಹೆಚ್ಚಾಗಿ ಕಂಡು ಆಮೇಲೆ ಇಳಿಯುತ್ತದೆ. 48 ಗಂಟೆ ಕಳೆದ ಮೇಲೆ ಬೇಕಿದ್ದರೆ ಹದವಾದ ಬಿಸಿ ಶಾಖ ಕೊಡಿ.

ಇನ್ನು ಊಟ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿಯೇ. ನಿಮ್ಮ ತಾಯಿಯವರು ಬೆವರಿ ತಲೆ ಸುತ್ತಿ ಕುಳಿತದ್ದು ನನಗೆ ಹಲ್ಲುನೋವಿಗಿಂತ ದೊಡ್ಡ ವಿಷಯವಾಗಿ ಕಂಡಿತು. ಸಕ್ಕರೆಯ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್‌ನಂಥವು ಊಟ ಮಾಡಲಿ ಬಿಡಲಿ ತಮ್ಮ ಕೆಲಸ ಮಾಡುತ್ತವೆ. ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ತಲೆಸುತ್ತು, ಕೆಲವೊಮ್ಮೆ ಪ್ರಜ್ಞೆ ತಪ್ಪುವಿಕೆ. ಹಾಗಾದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಹಲ್ಲು ಕೀಳಿಸುವ ಮೊದಲೇ ಸಕ್ಕರೆಯ ವೈದ್ಯರನ್ನು ಕೇಳಿ, ಊಟ ಕಡಿಮೆಯಾದ ದಿನ ಯಾವ ಮಾತ್ರೆ ಎಷ್ಟು ಎಂದು ಬರೆಸಿಕೊಂಡಿರಿ. ಆ ದಿನಗಳಲ್ಲಿ ಮೂರು ದೊಡ್ಡ ಊಟದ ಬದಲು ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕೊಡಿ.

ಮೊದಲ ದಿನ ತುಟಿ, ನಾಲಿಗೆಯ ಮರಗಟ್ಟುವಿಕೆ ಹೋಗುವವರೆಗೆ ಅಗಿಯುವಂಥದ್ದು ಏನೂ ಬೇಡ. ಅದಕ್ಕೆ ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಅದರೊಳಗೆ ತಿಂದರೆ ತಮ್ಮ ತುಟಿಯನ್ನೇ ಕಚ್ಚಿಕೊಂಡದ್ದು ತಿಳಿಯುವುದಿಲ್ಲ. ಆದರೆ ಹತ್ತಿ ತೆಗೆದ ಮೇಲೆ ತಣ್ಣನೆಯ ಮಜ್ಜಿಗೆ, ತಣ್ಣನೆಯ ಹಾಲು ಕುಡಿಯಬಹುದು. ಲೋಟದಿಂದಲೇ ಕುಡಿಯಲಿ. ಮದ್ದೂರಿನ ಎಳನೀರು ಬಹಳ ಒಳ್ಳೆಯದು, ಆದರೆ ಕೊಳವೆ ಹಾಕಿ ಹೀರುವುದು ಬೇಡ. ಹೀರುವಾಗ ಬಾಯೊಳಗೆ ಹುಟ್ಟುವ ಸೆಳೆತ ಉಗುಳುವಾಗಿನಂತೆಯೇ ಗಡ್ಡೆಯನ್ನು ಎಳೆಯುತ್ತದೆ. ಲೋಟಕ್ಕೆ ಸುರಿದುಕೊಡಿ. ರಸ್ತೆಬದಿಯ ಕಬ್ಬಿನ ಹಾಲು ಸಕ್ಕರೆ ಕಾಯಿಲೆಗೂ ಸಲ್ಲದು, ಅದಕ್ಕೆ ಹಾಕುವ ಮಂಜುಗಡ್ಡೆ ಗಾಯಕ್ಕೂ ಸಲ್ಲದು.

ಅಂದಿನ ಮಧ್ಯಾಹ್ನ, ರಾತ್ರಿಗೆ ನುಣ್ಣಗೆ ಕಿವುಚಿದ ಮೊಸರನ್ನದಷ್ಟು ಒಳ್ಳೆಯದು ಮತ್ತೊಂದಿಲ್ಲ. ಒಗ್ಗರಣೆ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಒಗ್ಗರಣೆಯಿಲ್ಲದೆ ಮೊಸರನ್ನ ಕೊಡುವುದು ನಮ್ಮ ಅಡುಗೆಮನೆಗಳಿಗೆ ಅವಮಾನವೆನಿಸುತ್ತದೆ. ಗುಳಿಯಲ್ಲಿ ಸಿಕ್ಕಿಕೊಂಡ ಸಾಸಿವೆ ಕಾಳನ್ನು ಹೊರತೆಗೆಯಲು ಪಿನ್ನು, ಕಡ್ಡಿ ಹಾಕಿಕೊಂಡು ಬರುವವರನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಐಸ್‌ಕ್ರೀಮ್ ಕೊಡಿ ಎಂದು ನಾವು ಮಕ್ಕಳಿಗೆ ಹೇಳುವುದುಂಟು. ನಿಮ್ಮ ತಾಯಿಯವರಿಗೆ ಅದು ಬೇಡ. ಬೇಕಾದದ್ದು ತಂಪು, ಅದನ್ನು ಫ್ರಿಜ್ಜಿನ ಮೊಸರೂ ಕೊಡುತ್ತದೆ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಆರಿಸಿ ಕೊಡಿ. ಬರೀ ಗಂಜಿ, ಬರೀ ಅಂಬಲಿ ಸಕ್ಕರೆಯನ್ನು ಬೇಗ ಏರಿಸಿ ಬೇಗ ಇಳಿಸುತ್ತವೆ. ಆದ್ದರಿಂದ ಜೊತೆಗೆ ಬೇಯಿಸಿ ಮಸೆದ ಹೆಸರುಬೇಳೆ, ಮೊಸರು ಅಥವಾ ಎರಡನೆಯ ದಿನದಿಂದ ಮೊಟ್ಟೆ ಇರಲಿ.

ಮೊಟ್ಟೆ ಎಂದ ಕೂಡಲೇ ನಿಮ್ಮ ಮನೆಯಲ್ಲಿ ನಂಜಿನ ಮಾತು ಏಳುತ್ತದೆ. ಗಾಯವಾದವರಿಗೆ ಮೊಟ್ಟೆ, ಮೀನು, ಬದನೆಕಾಯಿ ಕೊಟ್ಟರೆ ಕೀವಾಗುತ್ತದೆ ಎಂಬ ನಂಬಿಕೆ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಕೀವಾಗುವುದು ಬ್ಯಾಕ್ಟೀರಿಯಾಗಳಿಂದ, ಬದನೆಕಾಯಿಯಿಂದಲ್ಲ. ಗಾಯ ತೊಳೆಯಲು ಶುದ್ಧ ನೀರು, ಕುದಿಸಿದ ಬಟ್ಟೆ ಇಲ್ಲದಿದ್ದ ಕಾಲದಲ್ಲಿ ಗಾಯಗಳು ಕೀವಾಗುವುದು ಸಾಮಾನ್ಯವಾಗಿತ್ತು. ಹಿಂದಿನ ದಿನ ತಿಂದದ್ದರ ಮೇಲೆ ಅಪವಾದ ಬಂದಿರಬೇಕು ಎಂಬುದು ನನ್ನ ಊಹೆ. ಕಿತ್ತುಹೋದ ಜಾಗದಲ್ಲಿ ಹೊಸ ಮಾಂಸ ಕಟ್ಟಲು ಪ್ರೋಟೀನು ಬೇಕು, ಸಕ್ಕರೆ ಕಾಯಿಲೆಯವರಲ್ಲಿ ಮೊದಲೇ ಗಾಯ ನಿಧಾನವಾಗಿ ಮಾಗುತ್ತದೆ. ಅಂಥವರಿಂದ ಮೊಟ್ಟೆಯನ್ನು ಕಿತ್ತುಕೊಂಡು ಬ್ರೆಡ್ಡು ಕೊಟ್ಟರೆ ಗಾಯ ಯಾವುದರಿಂದ ತುಂಬಬೇಕು? ಮೆತ್ತಗೆ ಬೇಯಿಸಿದ ಮೊಟ್ಟೆಯನ್ನು ಮಸೆದು, ಮೆಣಸು ಖಾರ ಹಾಕದೆ ಎರಡನೆಯ ದಿನದಿಂದ ಕೊಡಿ. ಮೀನಾದರೆ ಮುಳ್ಳಿನ ಭಯ ಇದೆಯೇ ಹೊರತು ನಂಜಿನದಲ್ಲ. ಬದನೆಕಾಯಿಯನ್ನು ವಾರದ ಮಟ್ಟಿಗೆ ಬಿಟ್ಟರೆ ನನ್ನದೇನೂ ತಕರಾರಿಲ್ಲ, ಅದರ ಬೀಜ ಸಣ್ಣದು. ಹೀಗೆ ಒಂದನ್ನು ಬಿಟ್ಟುಕೊಟ್ಟರೆ ಹಿರಿಯರು ಇನ್ನೊಂದಕ್ಕೆ ಒಪ್ಪುವುದೂ ಉಂಟು. ನಿಮ್ಮದು ಸಸ್ಯಾಹಾರದ ಮನೆಯಾದರೆ ಬೇಳೆ, ಮೊಸರು, ಪನೀರು ಇದೇ ಕೆಲಸ ಮಾಡುತ್ತವೆ.

ಮುದ್ದೆ. ಮಂಡ್ಯ ಜಿಲ್ಲೆಯವರಿಗೆ ಇದು ಪಥ್ಯದ ಪ್ರಶ್ನೆಗಿಂತ ಬದುಕಿನ ಪ್ರಶ್ನೆಯೆಂದು ನಾನು ಬಲ್ಲೆ. ಒಂದು ತಿಂಗಳು ಮುಟ್ಟಬಾರದು ಎಂದವರಿಗೆ ಹೇಳಿ, ಎರಡನೆಯ ದಿನದ ರಾತ್ರಿಯಿಂದಲೇ ಮುಟ್ಟಬಹುದು. ಹಲ್ಲಿನ ವೈದ್ಯರು ಎಲ್ಲರಿಗೂ ಚೆನ್ನಾಗಿ ಅಗಿದು ತಿನ್ನಿ ಎಂದೇ ಹೇಳಬೇಕು; ಅಗಿಯಬೇಡಿ, ನುಂಗಿ ಎಂದು ಹೇಳುವ ಭಾಗ್ಯ ಸಿಗುವುದು ಮುದ್ದೆ ಉಣ್ಣುವವರ ಸೀಮೆಯಲ್ಲಿ ಮಾತ್ರ. ಹೇಗೂ ನುಂಗುವ ಊಟವಾದ್ದರಿಂದ ಗಾಯದ ಮೇಲೆ ಅದರ ಒತ್ತಡ ಬೀಳುವುದಿಲ್ಲ. ಆದರೆ ಮೂರು ಷರತ್ತುಗಳಿವೆ. ಹಿಟ್ಟು ಕಟ್ಟದಂತೆ, ಎಂದಿಗಿಂತ ಮೆತ್ತಗೆ ತೊಳಸಿರಬೇಕು. ಉಗುರುಬೆಚ್ಚಗೆ ಆರಿರಬೇಕು, ಹಬೆಯಾಡುವ ಮುದ್ದೆ ಮುರಿಯುವ ಚಟವನ್ನು ಒಂದು ವಾರ ಅದುಮಿಟ್ಟುಕೊಳ್ಳಲಿ. ತುತ್ತು ಸಣ್ಣದಾಗಿರಲಿ, ಗಾಯವಿಲ್ಲದ ಕಡೆಯಿಂದ ಜಾರಲಿ. ನಿಮ್ಮ ತಾಯಿಯವರಿಗೆ ಎಡಗಡೆ ಮೊದಲೇ ಹಲ್ಲಿಲ್ಲ, ಅಲ್ಲಿ ಗಾಯ ಮುಚ್ಚಿರುವುದರಿಂದ ಆ ಕಡೆಯಿಂದಲೇ ನುಂಗಬಹುದು. ಯಾವುದೇ ಕಾರಣಕ್ಕೆ ನುಂಗಲು ತೊಂದರೆ ಇರುವವರಿಗೆ, ಊಟದಲ್ಲಿ ಕೆಮ್ಮು ಬರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಅಂಬಲಿಯಲ್ಲೇ ಇರಲಿ.

ಮುದ್ದೆಗಿಂತ ಸಾರಿನದೇ ತೊಂದರೆ. ಹುಳಿ, ಖಾರ, ಬಿಸಿ ಮೂರೂ ಗಾಯಕ್ಕೆ ಉರಿ. ಇಲ್ಲಿ ಉಪ್ಪೆಸರು ಉಪಕಾರಿ: ಬೇಳೆ, ಸೊಪ್ಪು ಬೇಯಿಸಿದ ಕಟ್ಟು ಒಂದು ಕಡೆ, ಅರೆದ ಖಾರ ಇನ್ನೊಂದು ಕಡೆ. ಮನೆಯವರಿಗೆಲ್ಲ ಒಂದೇ ಅಡುಗೆ ಮಾಡಿ, ತಾಯಿಯವರಿಗೆ ಖಾರವಿಲ್ಲದ ಕಟ್ಟನ್ನು ಸೋಸಿ ಬಡಿಸಿ. ಬೇರೆ ಪಾತ್ರೆ ಇಟ್ಟು ರೋಗಿಯ ಅಡುಗೆ ಮಾಡಬೇಕೆಂದಿಲ್ಲ. ಬಸ್ಸಾರಿಗೆ ಮಸಾಲೆ ಅರೆದು ಬೆರೆಸುತ್ತೀರಿ, ಅದು ಐದಾರು ದಿನ ತಡೆಯಲಿ.

ಮೂರನೆಯ ದಿನದಿಂದ ಇಡ್ಲಿಯನ್ನು ತೊವ್ವೆಯಲ್ಲಿ ನೆನೆಸಿ, ಖಾರವಿಲ್ಲದ ಪೊಂಗಲ್, ನೆನೆದ ಅವಲಕ್ಕಿಯ ಮೊಸರು, ಬೇಯಿಸಿ ಕಿವುಚಿದ ಕುಂಬಳ, ಸೋರೆ, ಕ್ಯಾರೆಟ್ಟು. ನಂಜನಗೂಡು ರಸಬಾಳೆ ಸಿಕ್ಕಿದರೆ ಅರ್ಧ ಹಣ್ಣು. ಸಕ್ಕರೆಯ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ. ದೋಸೆ ಮೆತ್ತಗಿನದಾದರೆ ಸರಿ, ಗರಿಗರಿಯ ಅಂಚನ್ನು ಬೇರೆಯವರು ತಿನ್ನಲಿ. ಕಾಫಿ ಮೊದಲ ದಿನ ಬೇಡ. ಮರುದಿನದಿಂದ ಲೋಟದಿಂದ ಬಟ್ಟಲಿಗೆ ನಾಲ್ಕಾರು ಬಾರಿ ಎತ್ತಿ ಸುರಿದು ಆರಿಸಿ ಕೊಡಿ.

ಎರಡು ವಾರವಾದರೂ ದೂರವಿಡಬೇಕಾದವು ಒಡೆದು ಚೂರಾಗುವಂಥವು. ಮದ್ದೂರು ವಡೆ, ಚಕ್ಕುಲಿ, ಕೋಡುಬಳೆ, ಚುರುಮುರಿ, ಹುರಿದ ಕಡಲೆಕಾಯಿ, ಸೀಬೆಹಣ್ಣು. ಕಬ್ಬು ಸಿಗಿದು ಅಗಿಯುವುದನ್ನಂತೂ ಕೇಳಲೇಬೇಡಿ. ಎಳ್ಳು, ಕೊಬ್ಬರಿ, ಕಡಲೆ, ಬೆಲ್ಲದ ಅಚ್ಚು, ಕಬ್ಬಿನ ತುಂಡು ಒಟ್ಟಿಗೆ ಮನೆಗೆ ಬರುವ ಸಂಕ್ರಾಂತಿಯ ವಾರದಲ್ಲಿ ತುರ್ತಿಲ್ಲದ ಹಲ್ಲನ್ನು ಕೀಳಿಸದಿರುವುದೇ ಜಾಣತನ.

ಎಲೆ ಅಡಿಕೆಯ ವಿಷಯದಲ್ಲಿ ನಯವಾಗಿ ಹೇಳಲು ನನಗೆ ಬರುವುದಿಲ್ಲ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ರಕ್ತ ಹೋಗದಂತೆ ಮಾಡುತ್ತದೆ, ಸುಣ್ಣ ಸುಡುತ್ತದೆ, ಅಡಿಕೆಯ ಚೂರು ಗುಳಿಗೆ ಇಳಿಯುತ್ತದೆ, ರಸ ಉಗುಳುವಾಗ ಗಡ್ಡೆ ಕೀಳುತ್ತದೆ. ಡ್ರೈ ಸಾಕೆಟ್ ಬರಿಸಬೇಕೆಂದು ಯಾರಾದರೂ ಯೋಚಿಸಿ ಮಾಡಿದಂತಿದೆ ಈ ಕಟ್ಟು. ಕನಿಷ್ಠ ಒಂದು ವಾರ ಪೂರ್ತಿ ನಿಲ್ಲಲೇಬೇಕು, ಅದರಲ್ಲೂ ಮೊದಲ ಮೂರು ದಿನ ರಾಜಿಯೇ ಇಲ್ಲ. ಆಮೇಲೂ ಶುರು ಮಾಡದಿದ್ದರೆ ಇನ್ನೂ ಒಳ್ಳೆಯದು. ಹೊಗೆಸೊಪ್ಪಿಲ್ಲದೆ ಬರೀ ಅಡಿಕೆ ಹಾಕಿಕೊಂಡರೆ ಏನೂ ಆಗದು ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬರಬರುತ್ತಾ ತೆರೆಯಲಾಗದಂತೆ ಬಿಗಿಯಾಗುವ ಕಾಯಿಲೆಗೂ ಅಡಿಕೆಯೇ ಮೂಲ. ಹಲ್ಲು ಕೀಳಲು ಹೋದಾಗ ಕೆನ್ನೆಯ ಒಳಭಾಗದಲ್ಲಿ, ನಾಲಿಗೆಯ ಪಕ್ಕದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ ಎಂದು ನೋಡಲು ಹೇಳಿ. ಅದಕ್ಕೆ ಎರಡು ನಿಮಿಷ ಸಾಕು.

ಮರುದಿನದಿಂದ ಬಾಯಿಯ ಶುಚಿ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು. ಊಟ, ತಿಂಡಿ ಆದ ಪ್ರತಿ ಸಲವೂ, ಮಲಗುವ ಮುನ್ನವೂ. ಗಳಗಳ ಮುಕ್ಕಳಿಸಿ ರಭಸದಿಂದ ಉಗುಳದೆ, ನೀರನ್ನು ಬಾಯಲ್ಲಿ ಹಿಡಿದು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಚ್ಚಲಿಗೆ ಬಗ್ಗಿ ತಾನಾಗಿ ಸುರಿದುಹೋಗಲು ಬಿಡಬೇಕು. ಉಳಿದ ಹಲ್ಲುಗಳನ್ನು ಮೆತ್ತನೆಯ ಬ್ರಷ್‌ನಿಂದ ಎಂದಿನಂತೆ ಉಜ್ಜಬೇಕು. ಗಾಯವಾಗಿದೆಯೆಂದು ವಾರವಿಡೀ ಹಲ್ಲುಜ್ಜದೆ ಇರುವವರಿದ್ದಾರೆ, ಅದು ಬೇಡ. ಇದ್ದಿಲು, ಹಲ್ಲುಪುಡಿ, ಬೇವಿನ ಕಡ್ಡಿ ಆ ಕಡೆ ಸುಳಿಯದಿರಲಿ. ಲವಂಗದ ಎಣ್ಣೆಯನ್ನು ಹಸಿ ಗಾಯಕ್ಕೆ ಹಾಕಬೇಡಿ. ನೋವಿನ ಮಾತ್ರೆಯನ್ನು ಒಸಡಿನ ಪಕ್ಕದಲ್ಲಿ ಇಟ್ಟುಕೊಂಡರೆ ಬೇಗ ಕೆಲಸ ಮಾಡುತ್ತದೆ ಎಂಬುದೂ ಸುಳ್ಳು, ಒಸಡು ಬೆಂದು ಬೆಳ್ಳಗಾಗುತ್ತದೆ.

ನೋವಿಗೆ ನಿಮ್ಮ ತಾಯಿಯವರಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್. 650 ಮಿ.ಗ್ರಾಂ. ಮಾತ್ರೆಯಾದರೆ ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕನ್ನು ಮೀರದಂತೆ. ಲಿವರ್ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೆರೆತ ಮಾತ್ರೆಗಳು ಕಿಡ್ನಿಗೆ, ಹೃದಯಕ್ಕೆ ಭಾರ. ಐಬುಪ್ರೊಫೇನ್ ಇಕೋಸ್ಪ್ರಿನ್‌ನ ಕೆಲಸಕ್ಕೂ ಅಡ್ಡಿಯಾಗಬಲ್ಲದು. ಪಕ್ಕದ ಮನೆಯವರಿಗೆ ಚೆನ್ನಾಗಿ ಕೆಲಸ ಮಾಡಿತು ಎಂಬ ಕಾರಣಕ್ಕೆ ಅವರ ಮಾತ್ರೆ ತಂದು ಕೊಡಬೇಡಿ.

ತಲೆಗೆ ನೀರು ಹಾಕಿಕೊಳ್ಳಬಹುದು, ಮೊದಲೆರಡು ದಿನ ಬಿಸಿನೀರಿನ ಅಭ್ಯಂಜನ ಮಾತ್ರ ಬೇಡ. ಬಗ್ಗಿ ಕಳೆ ಕೀಳುವುದು, ಹುಲ್ಲಿನ ಹೊರೆ ಹೊರುವುದನ್ನೂ ಮೂರು ದಿನ ಬಿಡಲಿ. ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆಂದು ಯಾರಾದರೂ ಹೆದರಿಸಿದ್ದರೆ, ಹಲ್ಲಿನ ನರವೂ ಕಣ್ಣಿನ ನೋಟದ ನರವೂ ಬೇರೆ ಬೇರೆ, ಅಷ್ಟೇ.

ಮೂರು ನಾಲ್ಕನೆಯ ದಿನ ಗುಳಿಯೊಳಗೆ ಬೆಳ್ಳನೆಯ, ಹಳದಿ ಮಿಶ್ರಿತ ಪೊರೆ ಕಾಣುತ್ತದೆ. ಕೀವೆಂದು ತಿಳಿದು ಹತ್ತಿಯಿಂದ ಒರೆಸಲು ಹೋಗಬೇಡಿ. ನೋವು ಇಳಿಯುತ್ತಾ ಬಂದಿದ್ದರೆ ಅದು ಮಾಗುತ್ತಿರುವ ಗಾಯವೇ. ಒಸಡು ಎರಡು ಮೂರು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ, ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಇನ್ನಷ್ಟು ತಡ. ಅಪಾಯದ ಲಕ್ಷಣಗಳು ಬೇರೆಯೇ ಇವೆ: ಮೂರು ದಿನ ಕಳೆದ ಮೇಲೂ ಏರುವ ಊತ, ಜ್ವರ, ಒಸರುವ ಕೀವು, ಬಾಯಿ ತೆರೆಯಲಾಗದಿರುವುದು, ಮರುದಿನವೂ ಹೋಗದ ತುಟಿಯ ಮರಗಟ್ಟುವಿಕೆ. ಇವು ಕಂಡರೆ ಅಂದೇ ವೈದ್ಯರಲ್ಲಿಗೆ. ಗದ್ದದ ಕೆಳಗೆ, ನಾಲಿಗೆಯ ಅಡಿಯಲ್ಲಿ ಊತ ಬಂದು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಂಟೆಯನ್ನೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಎರಡೂ ಕಡೆಯ ಕೆಳದವಡೆಯ ಹಲ್ಲು ಹೋದ ಮೇಲೆ ನಿಮ್ಮ ತಾಯಿಯವರು ಮುದ್ದೆ ಉಣ್ಣಬಲ್ಲರು, ಆದರೆ ತರಕಾರಿ, ಕಾಳು, ಮಾಂಸ ಎಲ್ಲವನ್ನೂ ತಟ್ಟೆಯ ಪಕ್ಕಕ್ಕೆ ಸರಿಸತೊಡಗುತ್ತಾರೆ. ಆಗ ಊಟವೆಲ್ಲ ಮೆತ್ತನೆಯ ಹಿಟ್ಟು, ಅನ್ನವೇ ಆಗಿ ಸಕ್ಕರೆ ಏರುತ್ತದೆ. ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಇಳಿಯುತ್ತದೆ. ಎಡಗಡೆ ಈಗಾಗಲೇ ಎರಡು ತಿಂಗಳಾಗಿದೆ. ಬಲಗಡೆಯದು ಕಿತ್ತು ಸುಮಾರು ಮೂರು ತಿಂಗಳಿಗೆ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ವರದಿ ಹಿಡಿದು ಮತ್ತೆ ಹೋಗಿ. ತೆಗೆದಿಡುವ ಹಲ್ಲಿನ ಸೆಟ್ಟೋ, ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜೋ, ಮೂಳೆಯಲ್ಲಿ ನೆಡುವ ಇಂಪ್ಲಾಂಟೋ ಎಂಬುದನ್ನು ಅವರ ಮೂಳೆ, ಸಕ್ಕರೆ, ನಿಮ್ಮ ಕೈಯಲ್ಲಿರುವ ಹಣ ಮೂರನ್ನೂ ನೋಡಿ ಅಲ್ಲಿಯೇ ತೀರ್ಮಾನಿಸಬಹುದು.